ಹಳೆಯ ಸೊಗಡಿನ ಸೆರಿಫ್ ಫಾಂಟೊಂದನ್ನು ರೂಪಿಸಿದ ಬಗೆ

ಹತ್ತೊಂಬತ್ತನೆಯ ಶತಮಾನದ ಭಿತ್ತಿಪತ್ರಗಳಲ್ಲಿ ಕಾಣುವ, ತುದಿಯಲ್ಲಿ ಎರಡಾಗಿ ಕವಲೊಡೆದು ಬಾಗುವ ಸೆರಿಫ್‌ಗಳುಳ್ಳ (ಸೆರಿಫ್ ಎಂದರೆ ಅಕ್ಷರದ ಗೆರೆಗಳ ಕೊನೆಯ ಕಿರುಚಾಚು) ರೋಮನ್ ಅಕ್ಷರಗಳ ಮೇಲೆ ನನಗೆ ಬಹುಕಾಲದ ಮೋಹ. ಟಸ್ಕನ್ ಎಂದು ಕರೆಯಲಾಗುವ ಆ ಶೈಲಿಯ ಜಾಡಿನಲ್ಲಿ, ಶೀರ್ಷಿಕೆಗಳಿಗೂ ಫಲಕಗಳಿಗೂ ಮಾತ್ರ ಒದಗುವ ಫಾಂಟೊಂದನ್ನು ರೂಪಿಸಲು ಹೊರಟ ನಾನು ಅಲಂಕಾರದಿಂದಲೇ ಕೆಲಸ ಆರಂಭಿಸಿ ತಪ್ಪು ಮಾಡಿದೆ. ನಿಲುಗೆರೆಗಳ ನಡುಭಾಗದಲ್ಲಿ ಮುಳ್ಳಿನಂತೆ ಎರಡೂ ಬದಿಗೆ ಚಾಚುವ ಮೊನೆಗಳನ್ನು ಎಲ್ಲ ಕ್ಯಾಪಿಟಲ್ ಅಕ್ಷರಗಳಿಗೂ ಇಟ್ಟೆ. ಬಿಡಿಬಿಡಿಯಾಗಿ ನೋಡುವಾಗ ಅವು ಸೊಗಸಾಗಿಯೇ ಇದ್ದವು. ಪದವಾಗಿ ಜೋಡಿಸಿ ಮುದ್ರಿಸಿದಾಗ ಮೊನೆಗಳೆಲ್ಲ ಒಂದೇ ಎತ್ತರದಲ್ಲಿ ಸಾಲುಗಟ್ಟಿ, ಪದವನ್ನೇ ಗೆರೆ ಎಳೆದು ಹೊಡೆದುಹಾಕಿದಂತೆ ಕಂಡವು.

ಆಗ ಅಲಂಕಾರವನ್ನೆಲ್ಲ ಕಳಚಿ ಬರಿಯ ಮೈಕಟ್ಟಿಗೆ ಮರಳಿದೆ. ಅಕ್ಷರ ಬಿಡಿಸುವ 1000 ಯೂನಿಟ್‌ಗಳ ಚೌಕದಲ್ಲಿ (ಯೂನಿಟ್ ಫಾಂಟ್ ವಿನ್ಯಾಸದ ಕಿರು ಅಳತೆ; ಚೌಕದ ಪೂರ್ಣ ಎತ್ತರವೇ ಫಾಂಟಿನ ಗಾತ್ರ) ಕ್ಯಾಪಿಟಲ್ ಅಕ್ಷರಗಳ ಎತ್ತರವನ್ನು 700 ಎಂದು ನಿಗದಿಪಡಿಸಿ, ದುಂಡು ಆಕಾರಗಳು ಅಳತೆಯಲ್ಲಿ ಸಮವಿದ್ದರೂ ಕಣ್ಣಿಗೆ ಕಿರಿದಾಗಿ ತೋರುವುದರಿಂದ ‘ಓ’ ಅಕ್ಷರವನ್ನು ಮೇಲೆ ಕೆಳಗೆ 12 ಯೂನಿಟ್‌ಗಳಷ್ಟು ಹೊರಚಾಚಿಸಿದೆ. ಎರಡು ‘ಎಚ್’ಗಳ ನಡುವಿನ ಬಿಳುಪೂ ಎರಡು ‘ಓ’ಗಳ ನಡುವಿನ ಬಿಳುಪೂ ಒಂದೇ ತೂಕದವೆನಿಸುವವರೆಗೆ ಅಂತರವನ್ನು ತಿದ್ದಿದ ಬಳಿಕವೇ ಮೊನೆಗಳನ್ನು ಮತ್ತೆ ಮುಟ್ಟಿದೆ. ಹೊರಬದಿಯ ಮೊನೆಗಳನ್ನು ಸಂಪೂರ್ಣ ಕೈಬಿಟ್ಟು, ‘ಓ’, ‘ಡಿ’, ‘ಯು’ಗಳಂತೆ ಒಳಗೆ ವಿಶಾಲ ಜಾಗವಿರುವ ಅಕ್ಷರಗಳಲ್ಲಿ ಮಾತ್ರ ಒಳಮುಖವಾಗಿ ಉಳಿಸಿಕೊಂಡೆ. ‘ಎಚ್’ನ ಅಡ್ಡಗೆರೆಗೆ ಒಂದು ಸಣ್ಣ ವಜ್ರಾಕೃತಿ ಬಂತು, ಒಳಜಾಗ ಇಕ್ಕಟ್ಟಾದ ‘ಬಿ’ಗೆ ಏನೂ ಬೇಡವಾಯಿತು.

ಹೆಚ್ಚು ದಿನ ಕಾಡಿದ್ದು ಕೂದಲೆಳೆಯಂಥ ಸಣ್ಣ ಗೆರೆಗಳು. ನಾನು ಇಟ್ಟಿದ್ದ 14 ಯೂನಿಟ್ ದಪ್ಪ 72 ಪಾಯಿಂಟ್ ಅಕ್ಷರಗಾತ್ರದಲ್ಲಿ ಸರಿಸುಮಾರು ಒಂದು ಪಾಯಿಂಟ್ ಆಗುತ್ತದೆ. ಅದೇ ಗೆರೆ 24 ಪಾಯಿಂಟ್‌ಗೆ ಇಳಿದಾಗ ಮೂರನೆಯ ಒಂದು ಪಾಯಿಂಟ್ ಆಗಿ, ಒರಟು ಕಾಗದದ ಮೇಲೆ ಅಲ್ಲಲ್ಲಿ ಕಡಿದುಹೋಗುತ್ತಿತ್ತು. ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಪ್ರತಿ ಗಾತ್ರಕ್ಕೂ ಮೂಲ ಅಚ್ಚನ್ನು ಬೇರೆಯಾಗಿ ಕೆತ್ತುತ್ತಿದ್ದುದರಿಂದ ಚಿಕ್ಕ ಗಾತ್ರದ ಗೆರೆಗಳನ್ನು ಅನುಪಾತದಲ್ಲಿ ದಪ್ಪಗೊಳಿಸಲು ಅವಕಾಶವಿತ್ತು. ನನ್ನ ಬಳಿ ಇದ್ದದ್ದು ಒಂದೇ ನಕ್ಷೆಯಾದ್ದರಿಂದ ದಪ್ಪವನ್ನು 22ಕ್ಕೆ ಏರಿಸಿ, 24 ಪಾಯಿಂಟ್‌ಗಿಂತ ಕೆಳಗೆ ಈ ಫಾಂಟನ್ನು ಬಳಸಬಾರದೆಂದು ತೀರ್ಮಾನಿಸಿದೆ.

ಹಳೆಯದೆನಿಸಲು ಅಕ್ಷರಗಳ ಮೇಲೆ ಕೃತಕ ಗೀರು, ಸವೆತಗಳನ್ನು ಮೂಡಿಸುವ ವಾಡಿಕೆಯಿದೆ. ನನಗದು ಒಪ್ಪಿಗೆಯಾಗಲಿಲ್ಲ: ಒಂದೇ ಪದದಲ್ಲಿ ‘ಇ’ ಎರಡು ಬಾರಿ ಬಂದರೆ ಅದೇ ಗೀರು ಅದೇ ಜಾಗದಲ್ಲಿ ಎರಡು ಬಾರಿ ಕಾಣುತ್ತದೆ. ಅದರ ಬದಲು, ಒತ್ತಿದ ಶಾಯಿ ಮೂಲೆಗಳಲ್ಲಿ ತುಸು ಹರಡಿದಂತೆ ತೋರಲೆಂದು ಎಲ್ಲ ಮೂಲೆಗಳನ್ನೂ ಐದಾರು ಯೂನಿಟ್‌ಗಳಷ್ಟು ಮೆದುವಾಗಿ ದುಂಡಾಗಿಸಿದೆ.

ಉದ್ದ ಬಾಲದ ‘ಆರ್’, ‘ಕ್ಯೂ’ಗಳನ್ನು ಓಪನ್‌ಟೈಪ್ ಎಂಬ ಫಾಂಟ್ ಸ್ವರೂಪದ ಸ್ವಾಶ್ (ಅಲಂಕಾರಿಕ ಬಾಲದ ಅಕ್ಷರಗಳ) ಸೌಲಭ್ಯದಲ್ಲಿ ಬದಲಿ ರೂಪಗಳಾಗಿ ಸೇರಿಸಿದೆ. ಬಾಲದ ‘ಆರ್’ ಪಕ್ಕದ ‘ಎ’ಗೆ ತಾಗುತ್ತಿದ್ದುದರಿಂದ ಆ ಜೋಡಿಗಳ ಕರ್ನಿಂಗನ್ನು, ಅಂದರೆ ಅಕ್ಷರಗಳ ನಡುವಿನ ಅಂತರದ ಹೊಂದಿಕೆಯನ್ನು, ಮಾತ್ರ ಮೊದಲಿನಿಂದ ಮಾಡಬೇಕಾಯಿತು.