ಪುಲ್ಲಿಯ ಅಳತೆ ಎಲ್ಲಿ ತೆಗೆಯಬೇಕು?

ಹಳೆಯ ಡ್ರಿಲ್ಲಿಂಗ್ ಮಷಿನ್‌ಗೆ ಹೊಸ ಮೋಟಾರ್ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೆಚ್ಚಾಗಿ ಕೊರೆಯಬೇಕಿದ್ದದ್ದು ಮೈಲ್ಡ್ ಸ್ಟೀಲ್, 12 ಮಿ.ಮೀ. ತೂತು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ಗೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್, ಅಂದರೆ ಬಿಟ್‌ನ ಅಂಚು ಲೋಹದ ಮೇಲೆ ಓಡುವ ವೇಗ, ಇಟ್ಟುಕೊಂಡೆ. 25,000 ಮಿ.ಮೀ.ಯನ್ನು ಬಿಟ್‌ನ ಸುತ್ತಳತೆಯಿಂದ (3.14 × 12) ಭಾಗಿಸಿದರೆ ಸುಮಾರು 660 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಮೋಟಾರ್ ಪ್ಲೇಟ್ ಮೇಲೆ 1440 ಇತ್ತು.

ಈ ವೇಗವನ್ನು ಬೆಲ್ಟ್ ಮತ್ತು ಎರಡು ಪುಲ್ಲಿಗಳಿಂದ ಇಳಿಸಬೇಕು. ಲೆಕ್ಕ ಸುಲಭ. ಮೋಟಾರ್‌ನ ಆರ್‌ಪಿಎಂ ಅನ್ನು ಅದರ ಪುಲ್ಲಿಯ ವ್ಯಾಸದಿಂದ ಗುಣಿಸಿ, ಸ್ಪಿಂಡಲ್ (ಬಿಟ್ ತಿರುಗಿಸುವ ದಂಡ) ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ ಆಯಿತು. ನನ್ನ ಹತ್ತಿರ ಇದ್ದದ್ದು 75 ಮತ್ತು 160 ಮಿ.ಮೀ. ಪುಲ್ಲಿಗಳು. ಉತ್ತರ 675. ಸಾಕು ಅನ್ನಿಸಿತು.

ಕೊರೆಯುತ್ತಿರುವಾಗ ಸುತ್ತು ಎಣಿಸುವ ಟ್ಯಾಕೋಮೀಟರ್ ಹಿಡಿದರೆ 630 ತೋರಿಸಿತು. ಬೆಲ್ಟ್ ಜಾರುತ್ತಿದೆ ಅಂದುಕೊಂಡು ಬಿಗಿ ಮಾಡಿದೆ. ಇನ್ನೂ ಬಿಗಿ ಮಾಡಿದೆ. ಬೇರಿಂಗ್ ಬಿಸಿಯಾಯಿತೇ ಹೊರತು ವೇಗ ಏರಲಿಲ್ಲ.

ತಪ್ಪು ಇದ್ದದ್ದು ವರ್ನಿಯರ್ (ವ್ಯಾಸ ಅಳೆಯುವ ಉಪಕರಣ) ಹಿಡಿದ ಜಾಗದಲ್ಲಿ. ನಾನು ಪುಲ್ಲಿಯ ಹೊರ ಅಂಚನ್ನು ಅಳೆದಿದ್ದೆ. ವಿ-ಬೆಲ್ಟ್ ಕೂರುವುದು ಗ್ರೂವ್ ಒಳಗೆ ಅಲ್ವಾ? ಬೆಲ್ಟ್ ಒಳಗಿರುವ, ಎಳೆತ ತಡೆಯುವ ದಾರಗಳು ಪುಲ್ಲಿಯ ಅಂಚಿಗಿಂತ ಕೆಳಗೆ ಓಡುತ್ತವೆ. ಲೆಕ್ಕಕ್ಕೆ ಬೇಕಾದದ್ದು ಆ ದಾರಗಳು ಓಡುವ ಮಟ್ಟದ ವ್ಯಾಸ. ನನ್ನದು ಎ ಸೆಕ್ಷನ್ (ವಿ-ಬೆಲ್ಟ್‌ನ ಒಂದು ಅಳತೆ) ಬೆಲ್ಟ್. ಎರಡೂ ಪುಲ್ಲಿಯಲ್ಲಿ ಸುಮಾರು 7 ಮಿ.ಮೀ. ಕಳೆದು 68 ಮತ್ತು 153 ಹಾಕಿದೆ. ಆಗ 640 ಬಂತು. ಉಳಿದ 10 ಸುತ್ತು ನಿಜವಾದ ಜಾರುವಿಕೆ. ಎರಡರಲ್ಲೂ ಅದೇ 7 ಕಡಿಮೆ, ಹಾಗಾಗಿ ಅನುಪಾತ ಬದಲಾಗಲ್ಲ ಅಂತ ಸುಮ್ನೆ ಬಿಡುವಂತಿಲ್ಲ: ಚಿಕ್ಕ ಪುಲ್ಲಿಗೆ ಅದು ಶೇ 9ಕ್ಕೂ ಜಾಸ್ತಿ, ದೊಡ್ಡದಕ್ಕೆ ಶೇ 4ರಷ್ಟು.

ಖಾಲಿ ಓಡಿಸಿ ಅಳೆದಿದ್ದರೆ ಈ ತಪ್ಪು ಕೈಗೆ ಸಿಗುತ್ತಿರಲಿಲ್ಲ. 1440 ಅನ್ನುವುದು ಪೂರ್ತಿ ಲೋಡ್‌ನ ವೇಗ. ಲೋಡ್ ಇಲ್ಲದಾಗ ಅದೇ ಮೋಟಾರ್ 1500ರ ಹತ್ತಿರ ಓಡುತ್ತದೆ. ಒಂದು ತಪ್ಪು ಇನ್ನೊಂದನ್ನು ಮುಚ್ಚಿಬಿಡುತ್ತಿತ್ತು.

ಆಮೇಲೆ 25 ಮಿ.ಮೀ. ಬಿಟ್‌ಗೆ 320 ಆರ್‌ಪಿಎಂ ಬೇಕಾಯಿತು. ಒಂದೇ ಬೆಲ್ಟ್‌ನಲ್ಲಿ ಮಾಡಲು 300 ಮಿ.ಮೀ. ದಾಟುವ ಪುಲ್ಲಿ ಬೇಕು. ಆಗ ಚಿಕ್ಕ ಪುಲ್ಲಿಯನ್ನು ಬೆಲ್ಟ್ ಸುತ್ತಿ ಹಿಡಿಯುವ ಭಾಗವೂ ಕಡಿಮೆಯಾಗುತ್ತದೆ. ಹಾಗಾಗಿ ನಡುವೆ ಕೌಂಟರ್‌ಶಾಫ್ಟ್ (ಎರಡು ಬೆಲ್ಟ್‌ಗಳ ಮಧ್ಯದ ಇನ್ನೊಂದು ದಂಡ) ಹಾಕಿ, ಮುಂದಿನ ಹಂತದಲ್ಲಿ ವೇಗ ಅರ್ಧ ಮಾಡಿದೆ. ಎರಡು ಹಂತದ ಅನುಪಾತಗಳನ್ನು ಗುಣಿಸಬೇಕು, ಕೂಡಬಾರದು. ಎರಡನೇ ಬೆಲ್ಟ್ ನಿಧಾನವಾಗಿ ಓಡಿಕೊಂಡು ಅಷ್ಟೇ ಪವರ್ ಹೊರುತ್ತದೆ, ಅದಕ್ಕೇ ಅದರ ಮೇಲೆ ಎಳೆತ ಜಾಸ್ತಿ. ಅಲ್ಲಿ ಜೋಡಿ ಬೆಲ್ಟ್ ಹಾಕಿದ ಮೇಲೆ ಜಾರುವುದು ನಿಂತಿತು.