ಅಡುಗೆ ಕಟ್ಟೆಗೆ ಕಲ್ಲು ಆರಿಸುವ ಮುನ್ನ ನಲ್ಲಿಯ ನೀರು ನೋಡಿ

ಮೈಸೂರು, ಮಂಡ್ಯ ಕಡೆ ಅಡುಗೆ ಕಟ್ಟೆ ಹಾಕಿಸುವವರು ಮೊದಲು ಕೇಳುವುದು ಬಣ್ಣ, ಆಮೇಲೆ ಚದರಡಿಗೆ ಎಷ್ಟು ಅಂತ. ನಾನು ಮೊದಲು ಕೇಳುವುದು ಸಿಂಕಿನ ನಲ್ಲಿಗೆ ಯಾವ ನೀರು ಬರುತ್ತದೆ ಅಂತ. ಕಾವೇರಿ, ಕಬಿನಿ ನೀರಾದರೆ ಒಂದು ಲೆಕ್ಕ, ಬೋರ್ ನೀರಾದರೆ ಇನ್ನೊಂದು. ಬೋರ್ ನೀರಿನಲ್ಲಿ ಕರಗಿರುವ ಸುಣ್ಣದಂಶ, ಹನಿ ಆರಿದ ಮೇಲೆ ಬಿಳಿ ಉಂಗುರವಾಗಿ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಪಾಲಿಷ್ ಮಾಡಿದ ಅಪ್ಪಟ ಕಪ್ಪು ಕಲ್ಲಿನ ಮೇಲೆ ಒಂದೊಂದು ಉಂಗುರವೂ ಎದ್ದು ಕಾಣುತ್ತದೆ. ಕಲ್ಲು ಕೆಟ್ಟಿರುವುದಿಲ್ಲ, ಆದರೆ ದಿನಕ್ಕೆ ನಾಲ್ಕು ಸಲ ಒರೆಸುವವರಿಗೆ ಕೈ ಸೋಲುತ್ತದೆ. ಬೋರ್ ನೀರಿನ ಮನೆಗೆ ಸ್ಟೀಲ್ ಗ್ರೇ, ಟ್ಯಾನ್ ಬ್ರೌನ್ ಥರದ ಚುಕ್ಕೆ ಚುಕ್ಕೆ ಮೈಯ ಗ್ರಾನೈಟ್ ಹೇಳುತ್ತೇನೆ. ನದಿ ನೀರಿನ ಮನೆಗೆ ಚಾಮರಾಜನಗರದ ಕಪ್ಪು ಕಲ್ಲಿಗಿಂತ ಒಳ್ಳೆಯದು ಈ ಸುತ್ತಿನಲ್ಲಿ ಸಿಗುವುದು ಕಷ್ಟ. ಗ್ರಾನೈಟ್ ಅಂತ ಮಾರಿದರೂ ಅದು ಡಾಲರೈಟ್ ಜಾತಿಯದು. ಕಣ ಸಣ್ಣದು, ಒತ್ತಾಗಿ ಕೂತಿರುತ್ತದೆ, ಹಾಗಾಗಿ ಎಣ್ಣೆ ನೀರು ಒಳಗಿಳಿಯುವುದು ತೀರಾ ಕಡಿಮೆ.

ಎರಡನೆಯ ಪ್ರಶ್ನೆ ಹುಳಿ. ನಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣು, ನಿಂಬೆಹಣ್ಣು, ಮಜ್ಜಿಗೆ ಚೆಲ್ಲದ ದಿನ ಇಲ್ಲ. ಹಬ್ಬಕ್ಕೆ ಮುಂಚೆ ಹಿತ್ತಾಳೆ ದೀಪ, ತಾಮ್ರದ ಚೊಂಬು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕುವುದೂ ಇದೇ ಕಟ್ಟೆಯ ಮೇಲೆ. ಅಮೃತಶಿಲೆ ಮತ್ತು ಕಡಪ ಕಲ್ಲು ಎರಡೂ ಸುಣ್ಣದ ಜಾತಿಯವು. ಹುಳಿ ತಾಗಿದ ಜಾಗದಲ್ಲಿ ಮೇಲ್ಮೈಯೇ ಕರಗಿ ಪಾಲಿಷ್ ಹೋಗುತ್ತದೆ. ಹಳೇ ಮನೆಗಳ ಕಡಪ ಕಟ್ಟೆ ಒಲೆಯ ಅಕ್ಕಪಕ್ಕ ಬೂದಿ ಬಣ್ಣಕ್ಕೆ ತಿರುಗಿರುವುದು ಇದರಿಂದಲೇ. ಅದು ಕೊಳೆಯಲ್ಲ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಮೆಷಿನ್ ಹಾಕಿ ಮತ್ತೆ ಪಾಲಿಷ್ ಮಾಡಬೇಕು. ಅಮೃತಶಿಲೆಯನ್ನು ದೇವರ ಮನೆಗೆ ಇಟ್ಟುಕೊಳ್ಳಿ. ಕಡಪ ಕಲ್ಲು ಕಟ್ಟೆಯ ಅಡಿಗೆ ಆಧಾರವಾಗಿ ಇರಲಿ, ಆ ಕೆಲಸಕ್ಕೆ ಅದು ಚೆನ್ನ.

ಕ್ವಾರ್ಟ್ಜ್ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಬಿಳಿ ಕಟ್ಟೆ ಬೇಕು ಅನ್ನುವವರಿಗೆ ಅದೇ ಸರಿ, ಬಿಳಿ ಗ್ರಾನೈಟ್‌ಗಿಂತ ಕಡಿಮೆ ಹೀರುತ್ತದೆ. ಆದರೆ ಅದು ಕಲ್ಲಿನ ಪುಡಿಯನ್ನು ರಾಳದಲ್ಲಿ, ಅಂದರೆ ರೆಸಿನ್ ಅಂಟಿನಲ್ಲಿ, ಕಟ್ಟಿದ ಹಲಗೆ. ನೂರರಲ್ಲಿ ತೊಂಬತ್ತು ಪಾಲು ಕ್ವಾರ್ಟ್ಜ್ ಇದ್ದರೂ ಹಿಡಿದಿಟ್ಟಿರುವುದು ಉಳಿದ ಹತ್ತು ಪಾಲು ರಾಳ. ಸುಮಾರು 150 ಡಿಗ್ರಿ ದಾಟಿದ ಮೇಲೆ ಆ ರಾಳಕ್ಕೆ ತೊಂದರೆ ಶುರು. ಬೋಂಡ ಕರಿಯುವ ಎಣ್ಣೆಯೇ 170ರಿಂದ 190 ಡಿಗ್ರಿ ಇರುತ್ತದೆ, ಕಾದ ದೋಸೆ ಕಾವಲಿ ಅದಕ್ಕಿಂತ ಹೆಚ್ಚು. ಇಳಿಸಿ ನೇರವಾಗಿ ಇಟ್ಟರೆ ಹಳದಿ ಗುರುತು, ಇಲ್ಲವೇ ಬಿರುಕು. ಮುದ್ದೆ ಪಾತ್ರೆಯನ್ನು ಒಲೆಯಿಂದ ಇಳಿಸಿ ಕಟ್ಟೆಯ ಮೇಲೇ ಕೋಲಿನಿಂದ ತಿರುವುವ ಮನೆಗೆ ಕ್ವಾರ್ಟ್ಜ್ ಬೇಡ ಅಂತ ನೇರವಾಗಿ ಹೇಳಿಬಿಡುತ್ತೇನೆ. ಬಿಸಿಯೂ ಬೀಳುತ್ತದೆ, ಪೆಟ್ಟೂ ಬೀಳುತ್ತದೆ. ಬಿಸಿಲು ಬೀಳುವ ಯುಟಿಲಿಟಿ ಕಟ್ಟೆಗೂ ಬೇಡ, ರಾಳ ಹಳದಿಯಾಗುತ್ತದೆ.

ಉಳಿದವು: ನ್ಯಾನೋ ವೈಟ್ ಗಾಜಿನ ಜಾತಿ, ನೋಡಲು ಚೆಂದ, ಅಂಚು ಚಕ್ಕೆ ಎದ್ದರೆ ರಿಪೇರಿ ಕಾಣದಂತೆ ಮಾಡುವುದು ಆಗದು. ಟೈಲ್ಸ್ ಕಟ್ಟೆಯಲ್ಲಿ ಟೈಲ್ಸ್ ಗಟ್ಟಿ, ಸಂದು ಅರಿಶಿನ ಕುಡಿಯುತ್ತದೆ. ಸ್ಟೀಲ್ ಕಟ್ಟೆ ಹೋಟೆಲಿಗೆ ಸರಿ, ಮನೆಯಲ್ಲಿ ಗೀರು ಮತ್ತು ಸದ್ದು ತಡೆಯುವವರು ಕಡಿಮೆ.

ಅಂಗಡಿಯಲ್ಲಿ ಹೆಸರು ನಂಬಬೇಡಿ, ತುಂಡು ಕೇಳಿ. ಅದೇ ಸ್ಲ್ಯಾಬಿನಿಂದ ಅಂಗೈಯಗಲದ ಒಂದು ತುಂಡು ಕೊಟ್ಟೇ ಕೊಡುತ್ತಾರೆ. ಪಾಲಿಷ್ ಮೈ ಮೇಲೆ ನಿಂಬೆರಸ ನಾಲ್ಕು ಹನಿ ಬಿಟ್ಟು ಹದಿನೈದು ನಿಮಿಷ ಬಿಟ್ಟು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹೊಳಪು ಹೋಗಿದ್ದರೆ ಅದರಲ್ಲಿ ಸುಣ್ಣದಂಶ ಇದೆ. ಇನ್ನೊಂದು ಕಡೆ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಒರೆಸಿದ ಮೇಲೂ ಕಪ್ಪಗೆ ಗುರುತು ಉಳಿದರೆ ಕಲ್ಲು ಹೀರುತ್ತದೆ, ಎಣ್ಣೆಯನ್ನೂ ಹೀರುತ್ತದೆ. ಕಪ್ಪು ಕಲ್ಲಿಗೆ ಮಾತ್ರ ಇನ್ನೊಂದು ಪರೀಕ್ಷೆ ಇದೆ: ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಬೂದು ಕಲ್ಲಿಗೆ ಬಣ್ಣ ಕುಡಿಸಿದ್ದಾರೆ ಅಂತ ಅರ್ಥ. ಅಂಥ ಕಲ್ಲು ಸಿಂಕಿನ ಸುತ್ತ ಬೇಗ ಮಂಕಾಗುತ್ತದೆ. ಮನೆಗೆ ತಂದು ಅರಿಶಿನ ಕಲಸಿದ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪಾತ್ರೆ ಸೋಪಿನಲ್ಲಿ ತೊಳೆದಾಗ ಏನು ಉಳಿಯುತ್ತದೋ ಅದೇ ಮುಂದೆ ನೀವು ದಿನಾ ನೋಡಬೇಕಾದ ಕಟ್ಟೆ.

ಸ್ಲ್ಯಾಬ್ ಆರಿಸಿದ ಮೇಲೆ ಅದಕ್ಕೆ ಒಂದು ಬಕೆಟ್ ನೀರು ಸುರಿಯಿರಿ. ನೀರು ಆರುತ್ತಾ ಬಂದಾಗ ಕೂದಲೆಳೆ ಬಿರುಕು ಇರುವ ಕಡೆ ಗೆರೆ ಒದ್ದೆಯಾಗೇ ಉಳಿಯುತ್ತದೆ. ಒಣ ಕಲ್ಲಿನಲ್ಲಿ ಇದು ಕಾಣುವುದೇ ಇಲ್ಲ. ಹಿಂಬದಿಗೆ ಬಲೆ ಅಂಟಿಸಿದ್ದರೆ ಯಾಕೆ ಅಂಟಿಸಿದ್ದಾರೆ ಅಂತ ಕೇಳಿ, ಬಲ ಕಮ್ಮಿ ಇರುವ ಕಲ್ಲಿಗೇ ಸಾಮಾನ್ಯವಾಗಿ ಬಲೆ ಬೇಕಾಗುವುದು. ದಪ್ಪವನ್ನು ನಾಲ್ಕು ಮೂಲೆಯಲ್ಲೂ ಅಳೆಯಿರಿ. 18 ಮಿಲಿಮೀಟರ್ ಎಂದು ಬರೆದದ್ದು ಒಂದು ಮೂಲೆಯಲ್ಲಿ 15 ಬಂದರೆ ಆ ಕಲ್ಲು ಬೇಡ, ಜೋಡಿಸುವ ಕಡೆ ಎರಡು ತುಂಡು ಸಮ ಬರುವುದಿಲ್ಲ.

ಲೆಕ್ಕ ಹೀಗೆ. ಎಲ್ ಆಕಾರದ ಕಟ್ಟೆ, ಒಂದು ತೋಳು ಮೂಲೆ ಸೇರಿ 10 ಅಡಿ, ಇನ್ನೊಂದು ಮೂಲೆ ಬಿಟ್ಟು 6 ಅಡಿ, ಅಗಲ 2 ಅಡಿ ಅಂದುಕೊಳ್ಳಿ. ಮೇಲ್ಮೈ 20 ಮತ್ತು 12, ಒಟ್ಟು 32 ಚದರಡಿ. ಮುಂದಿನ ಅಂಚು 8 ಮತ್ತು 6 ಸೇರಿ 14 ರನ್ನಿಂಗ್ ಅಡಿ. ದಪ್ಪ ಕಾಣಲು ಅದರಡಿ ಅಂಟಿಸುವ 2 ಇಂಚಿನ ಪಟ್ಟಿಗೆ ಸುಮಾರು ಎರಡೂಕಾಲು ಚದರಡಿ. ಗೋಡೆ ಬುಡಕ್ಕೆ 4 ಇಂಚಿನ ಪಟ್ಟಿ 18 ಅಡಿ ಉದ್ದ, ಅದಕ್ಕೆ 6 ಚದರಡಿ. ಎಲ್ಲಾ ಸೇರಿ 40 ಚಿಲ್ಲರೆ, ಹತ್ತು ಪರ್ಸೆಂಟ್ ತುಂಡು ಹೋಗುತ್ತದೆ ಅಂತ ಹಿಡಿದರೆ 45 ಚದರಡಿ ತರಬೇಕು. ಸಿಂಕ್ ಕತ್ತರಿಸಿದ ತುಂಡು ನಿಮ್ಮದೇ, ಬಿಟ್ಟು ಬರಬೇಡಿ, ಚಪಾತಿ ಲಟ್ಟಿಸಲು ಆಗುತ್ತದೆ. ದರ ಮಾತಾಡುವಾಗ ಕಲ್ಲಿನ ಚದರಡಿ ರೇಟ್ ಬೇರೆ, ಅಂಚಿನ ಮೋಲ್ಡಿಂಗ್‌ಗೆ ರನ್ನಿಂಗ್ ಅಡಿ ರೇಟ್ ಬೇರೆ, ಸಿಂಕ್, ಹಾಬ್ (ಕಟ್ಟೆಯೊಳಗೆ ಕೂರಿಸುವ ಒಲೆ) ಕಟಿಂಗ್ ಬೇರೆ, ಸಾಗಾಣಿಕೆ ಬೇರೆ. ನಾಲ್ಕನ್ನೂ ಒಂದೇ ಚೀಟಿಯಲ್ಲಿ ಬರೆಸಿಕೊಳ್ಳಿ.

ಎತ್ತರಕ್ಕೆ ಎಲ್ಲರೂ 33 ಇಂಚು ಅಂತ ಕಣ್ಣುಮುಚ್ಚಿ ಹಾಕುತ್ತಾರೆ. ಅಡುಗೆ ಮಾಡುವವರು ನಿಂತು ಮೊಣಕೈ ಮಡಿಸಿದಾಗ ನೆಲದಿಂದ ಮೊಣಕೈಗೆ ಎಷ್ಟು ಎತ್ತರವೋ ಅದರಲ್ಲಿ 4ರಿಂದ 6 ಇಂಚು ಕಳೆಯಿರಿ. ಮುದ್ದೆ ಮಾಡುವ ಮನೆಯಲ್ಲಿ ಒಲೆಯ ಕಡೆಯ ತೋಳನ್ನು ಇನ್ನೂ 2-3 ಇಂಚು ಇಳಿಸಿದರೆ ಭುಜಕ್ಕೆ ಹಿತ. ಒಲೆ, ಪಾತ್ರೆ ಸೇರಿ ಒಂದಡಿ ಮೇಲೇರುತ್ತದೆ, ಇಳಿಸದಿದ್ದರೆ ಕೋಲಿನ ಮೇಲೆ ಮೈಭಾರ ಬಿಡಲು ಆಗದೆ ತೋಳಿನಿಂದಲೇ ತಿರುವಬೇಕಾಗುತ್ತದೆ. ಇಳಿಸಿದ ಕಡೆಯಿಂದ ಮೇಲಿನ ಕಟ್ಟೆಗೆ ಏರುವ ಜಾಗದಲ್ಲಿ ಒಂದು ಪಟ್ಟಿ ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಒಳ್ಳೆಯ ಕಲ್ಲು ಕೂಡ ಹಾಕುವಾಗ ಹಾಳಾಗುತ್ತದೆ, ನೋಡಿದ ಬಿರುಕುಗಳಲ್ಲಿ ಹೆಚ್ಚಿನವು ಮೂರು ಜಾಗದವು.

ಮೊದಲನೆಯದು ಸಿಂಕ್ ಮತ್ತು ಹಾಬಿನ ಕಿಂಡಿಯ ಮೂಲೆ. ಗ್ರೈಂಡರ್ ಬ್ಲೇಡಿನಲ್ಲಿ ನೇರವಾಗಿ ಕೊಯ್ದು ಚೂಪು ಮೂಲೆ ಬಿಟ್ಟರೆ ಎಳೆತವೆಲ್ಲ ಆ ಮೂಲೆಗೇ ಬರುತ್ತದೆ, ಅಲ್ಲಿಂದಲೇ ಓರೆಯಾಗಿ ಸೀಳುತ್ತದೆ. ನಾಲ್ಕು ಮೂಲೆಗೂ ಮೊದಲು 10-12 ಮಿಲಿಮೀಟರ್ ತೂತು ಕೊರೆಸಿ, ಆಮೇಲೆ ತೂತಿನಿಂದ ತೂತಿಗೆ ಕೊಯ್ಯಿಸಿ. ಸಿಂಕಿನ ಮುಂದೆ ಉಳಿಯುವ ಪಟ್ಟಿ ಮೂರು ಇಂಚಿಗಿಂತ ಕಡಿಮೆ ಇದ್ದರೆ ಗಾಡಿಯಲ್ಲೇ ಮುರಿಯುತ್ತದೆ. ಕಲ್ಲನ್ನು ಯಾವಾಗಲೂ ಅಂಚಿನ ಮೇಲೆ ನಿಲ್ಲಿಸಿ ತರಬೇಕು, ಮಲಗಿಸಿ ಅಲ್ಲ. ಹಾಬ್ ಮನೆಗೆ ಬಂದಮೇಲೆ ಅದರ ಜೊತೆ ಬರುವ ಕಾಗದದ ಅಳತೆ ಇಟ್ಟು ಕೊಯ್ಯಿಸಿ, ಅಂಗಡಿಯವರು ಹೇಳಿದ ಅಳತೆಗೆ ಅಲ್ಲ. ಕೊಯ್ಯುವಾಗ ನೀರು ಹರಿಯುತ್ತಿರಲೇಬೇಕು. ಒಣ ಕೊಯ್ತದ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಹಾಳುಮಾಡುತ್ತದೆ, ಕ್ವಾರ್ಟ್ಜ್ ಹಲಗೆಯ ಧೂಳು ಗ್ರಾನೈಟ್‌ಗಿಂತ ಕೆಟ್ಟದ್ದು. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಹಲಗೆಯನ್ನೇ ನಿಷೇಧಿಸಿತು. ಮನೆಯೊಳಗೆ ಒಣ ಕೊಯ್ಯಲು ಯಾರಿಗೂ ಬಿಡಬೇಡಿ, ಕೊಯ್ಯುವ ಹುಡುಗನ ಜೀವದ ಪ್ರಶ್ನೆ.

ಎರಡನೆಯದು ಅಡಿಯ ಟೊಳ್ಳು. ಕಡಪ ಹಾಸಿನ ಮೇಲೆ 1:4 ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು), ಕಾಲಿಂಚಿಗೆ ಕಮ್ಮಿ ಇಲ್ಲದಂತೆ ಪೂರ್ತಿ ಹರಡಿ, ಕಲ್ಲಿನ ಹಿಂಬದಿಗೆ ಸಿಮೆಂಟ್ ಹಾಲು ಬಳಿದು ಕೂರಿಸಬೇಕು. ನಾಲ್ಕು ಮೂಲೆಗೆ ಗಾರೆ ಉಂಡೆ ಇಟ್ಟು ಕಲ್ಲು ಕೂರಿಸುವ ಮೇಸ್ತ್ರಿಗಳಿದ್ದಾರೆ, ಕೆಲಸ ಬೇಗ ಮುಗಿಯುತ್ತದೆ. ಆಮೇಲೆ ಕುಟ್ಟಾಣಿಯಲ್ಲಿ ಬೆಳ್ಳುಳ್ಳಿ ಜಜ್ಜಿದಾಗ ಟೊಳ್ಳಿನ ನಡುವೆ ಕಲ್ಲು ಬಗ್ಗಿ ಸೀಳುತ್ತದೆ. ಕೂರಿಸಿದ ಮೇಲೆ ನಾಣ್ಯದಿಂದ ಅಡಿಗಡಿಗೂ ತಟ್ಟಿ ನೋಡಿ. ಸದ್ದು ಎಲ್ಲಾ ಕಡೆ ಒಂದೇ ಬರಬೇಕು, ಟೊಳ್ಳು ಸದ್ದು ಬಂದ ಕಡೆ ಗಾರೆ ಹಸಿ ಇರುವಾಗಲೇ ಎತ್ತಿಸಿ ತುಂಬಿಸಿ. ಕಡಪ ಆಧಾರಗಳ ನಡುವೆ ಎರಡೂವರೆ ಅಡಿಗಿಂತ ಹೆಚ್ಚು ಬಿಡಬಾರದು. ತಿಳಿ ಬಣ್ಣದ ಕಲ್ಲಿಗೆ ಬಿಳಿ ಸಿಮೆಂಟ್ ಅಥವಾ ಬಿಳಿ ಟೈಲ್ ಅಂಟು ಹಾಕಿಸಿ. ಬೂದು ಸಿಮೆಂಟಿನ ತೇವ ಕಲ್ಲಿನೊಳಗೆ ಏರಿ ಮೋಡ ಮೋಡ ಕಲೆ ಬಂದರೆ ತೆಗೆಯಲು ದಾರಿಯಿಲ್ಲ.

ಮೂರನೆಯದು ಜೋಡಣೆ. ಎಲ್ ಮೂಲೆಯ ಸಂದು ಸಿಂಕಿನಿಂದ, ಹಾಬಿನಿಂದ ಅರ್ಧ ಅಡಿಯಾದರೂ ದೂರ ಇರಲಿ. ಬಿಳಿ ಸಿಮೆಂಟ್ ತುಂಬಿದರೆ ಅರಿಶಿನ ಕುಡಿದು ಹಳದಿ, ಎಣ್ಣೆ ಕುಡಿದು ಕಪ್ಪು, ಕೊನೆಗೆ ಉದುರುತ್ತದೆ. ಕಲ್ಲಿನ ಬಣ್ಣ ಬೆರೆಸಿದ ಎಪಾಕ್ಸಿ ಅಂಟು ತುಂಬಿಸಿ, ಒಣಗಿದ ಮೇಲೆ ಬ್ಲೇಡಿನಲ್ಲಿ ಕೆರೆದು ಸಮ ಮಾಡಿಸಿ. ಗೋಡೆಯ ಬುಡದಲ್ಲಿ ಮಾತ್ರ ಎಪಾಕ್ಸಿಯೂ ಬೇಡ, ಸಿಮೆಂಟೂ ಬೇಡ. 3 ಮಿಲಿಮೀಟರ್ ಸಂದು ಬಿಟ್ಟು ಬೂಸ್ಟು ಹಿಡಿಯದ ಸ್ಯಾನಿಟರಿ ಸಿಲಿಕೋನ್ ಹಾಕಿಸಿ, ಕಟ್ಟೆ ಮತ್ತು ಗೋಡೆ ಬೇರೆ ಬೇರೆಯಾಗಿ ಅಲುಗುತ್ತವೆ.

ಸಿಂಕ್ ಕೆಳಗಿನಿಂದ ಅಂಟಿಸುವ ಮಾದರಿಯಾದರೆ ಎರೆದ ನೀರೆಲ್ಲ ನೇರ ಒಳಗೆ ಬೀಳುತ್ತದೆ, ಒರೆಸಲು ಸುಲಭ, ನನ್ನ ಓಟು ಅದಕ್ಕೇ. ಆದರೆ ಬರೀ ಸಿಲಿಕೋನ್ ನಂಬಬೇಡಿ. 24×18 ಇಂಚಿನ ಸಿಂಕಿನ ಒಳಬೋಗುಣಿ 21×16, ಆಳ 8 ಇಂಚು ಇದ್ದರೆ ತುಂಬಿದಾಗ 44 ಲೀಟರ್, ಅಂದರೆ 44 ಕಿಲೋ. ಅದರ ಮೇಲೆ ಕುಕ್ಕರ್, ಪಾತ್ರೆ. ಅಡಿಗೆ ಎರಡು ಕಬ್ಬಿಣದ ಆಂಗಲ್ ಅಥವಾ ಕಡಪ ಪಟ್ಟಿ ಕೊಡಲೇಬೇಕು. ಕಟ್ಟೆಯ ಮುಂಚೂಣಿ ಕೆಳಗಿನ ಬಾಗಿಲಿಗಿಂತ ಒಂದಿಂಚು ಮುಂದೆ ಬರಲಿ, ಅದರ ಅಡಿಯಲ್ಲಿ ಅಂಚಿನಿಂದ ಅರ್ಧ ಇಂಚು ಒಳಗೆ ಉದ್ದಕ್ಕೂ ಒಂದು ಗೀರು ಕೊಯ್ಯಿಸಿ. ಹರಿದ ನೀರು ಅಲ್ಲಿಗೇ ತೊಟ್ಟಿಕ್ಕುತ್ತದೆ, ಪ್ಲೈವುಡ್ ಬಾಗಿಲಿಗೆ ಇಳಿಯುವುದಿಲ್ಲ. ಕಟ್ಟೆಗೆ ಸಿಕ್ಕಿಸುವ ಕಾಯಿ ತುರಿಯುವ ಮಣೆ ಇದ್ದರೆ ಅದರ ಬಾಯಿ ಹಿಡಿಯುವಷ್ಟೇ ಅಂಚಿನ ದಪ್ಪ ಇರಬೇಕು, ಮೊದಲೇ ಅಳೆದಿಡಿ. ಉದ್ದಕ್ಕೆ ಸಿಂಕಿನ ಕಡೆಗೆ ಹತ್ತಡಿಗೆ 5 ಮಿಲಿಮೀಟರ್ ವಾಟ ಸಾಕು, ದೋಸೆ ಹಿಟ್ಟಿಗೆ ಅದು ಗೊತ್ತೇ ಆಗುವುದಿಲ್ಲ.

ಸೀಲರ್, ಅಂದರೆ ಕಲ್ಲು ನೀರು ಎಣ್ಣೆ ಹೀರದಂತೆ ಬಳಿಯುವ ದ್ರವ, ಎಲ್ಲದಕ್ಕೂ ಬೇಡ. ಒತ್ತು ಕಣದ ಕಪ್ಪು ಕಲ್ಲಿಗೆ ಹಾಕಿದರೆ ಒಳಗೆ ಇಳಿಯದೆ ಮೇಲೇ ಒಣಗಿ ಮಸುಕಾಗುತ್ತದೆ. ನೀರು ಹೀರುವ ತಿಳಿ ಗ್ರಾನೈಟ್‌ಗೆ, ಕಟ್ಟೆ ಹಾಕಿ ತಿಂಗಳು ಕಳೆದು ತೇವ ಪೂರ್ತಿ ಆರಿದ ಮೇಲೆ, ಒಳಗಿಳಿಯುವ ಜಾತಿಯ ಸೀಲರ್ ಬಳಿದು ಹತ್ತು ಹದಿನೈದು ನಿಮಿಷದಲ್ಲಿ ಉಳಿದದ್ದನ್ನು ಒರೆಸಿ ತೆಗೆಯಬೇಕು. ನೀರಿನ ಹನಿ ಮಣಿಯಾಗಿ ನಿಲ್ಲುವುದು ತಪ್ಪಿದಾಗ ಮತ್ತೆ ಹಚ್ಚಿ.

ದಿನದ ಒರೆಸುವಿಕೆಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ, ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಸೋಪಿನ ಬಿಲ್ಲೆ ಕಟ್ಟೆಗೆ ಉಜ್ಜಬೇಡಿ, ಅದರ ಪುಡಿ ಒಣಗಿ ಬಿಳಿ ಪೊರೆ ಕಟ್ಟುತ್ತದೆ, ಬೋರ್ ನೀರಿನಲ್ಲಿ ಇನ್ನೂ ಜಾಸ್ತಿ. ಕಬ್ಬಿಣದ ನಾರು ಬೇಡ, ಅದರ ಚೂರು ಉಳಿದು ತುಕ್ಕಿನ ಕಲೆ ಬರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಲ್ಲಿಗೂ ಬೇಡ. ನಲ್ಲಿ ಬುಡದ ಬಿಳಿ ಸುಣ್ಣ ಗಟ್ಟಿಯಾಗಿದ್ದರೆ, ನಿಂಬೆ ಪರೀಕ್ಷೆ ಗೆದ್ದ ಕಲ್ಲಿಗೆ ಮಾತ್ರ, ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ನೆನೆಸಿ ಐದು ನಿಮಿಷ ಹೊದಿಸಿ, ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಕೆರೆದು ತೊಳೆಯಿರಿ. ಎಣ್ಣೆ ಒಳಗಿಳಿದು ಕಪ್ಪಾದ ಜಾಗಕ್ಕೆ ಅಡುಗೆ ಸೋಡಾವನ್ನು ನೀರಿನಲ್ಲಿ ಚಟ್ನಿಯ ಹದಕ್ಕೆ ಕಲಸಿ ಅರ್ಧ ಇಂಚು ದಪ್ಪ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಮಾರನೆ ದಿನ ಪ್ಲಾಸ್ಟಿಕ್ ತೆಗೆದು ಅದು ಪೂರ್ತಿ ಒಣಗುವವರೆಗೆ ಮುಟ್ಟಬೇಡಿ, ಒಣಗುವಾಗಲೇ ಅದು ಎಣ್ಣೆ ಎಳೆಯುವುದು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮೆತ್ತಿ.