11 ಡೈರಿ, 27 ಲಕೋಟೆ

ಅಡಿಕೆ ತೋಟದ ಡೈರಿ ಬರೆಯುವವರು ಬೇಕಾದಷ್ಟು ಜನ. ಮಳೆ ಹಿಡಿದ ಹೊತ್ತಿಗೆ ಬೇಕಾದ ಪುಟ ಮಾತ್ರ ಸಿಗುವುದಿಲ್ಲ. 11 ವರ್ಷದ್ದನ್ನು ಸುಮಾರು 140 ಕಾರ್ಡಿಗೆ ಇಳಿಸಿದ್ದೇನೆ. ‘ಡೈರಿ ಬರೆದರೆ ಕೊಳೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ನಿಲ್ಲುತ್ತದಾ?’ ಅಂದವರೇ ಈಗ ಕಾರ್ಡಿನ ಫೋಟೊ ಕೇಳುತ್ತಾರೆ.

ಮೊದಲು ಎಲ್ಲವನ್ನೂ ಎಕ್ಸೆಲ್‌ಗೆ ಟೈಪ್ ಮಾಡಿಸಿದೆ. ಆರೇಳು ಸಾವಿರ ದಂಡ. ಒಂದೇ ರೋಗ ಒಂದು ಕಡೆ ಕೊಳೆ, ಇನ್ನೊಂದು ಕಡೆ ಮಹಾಳಿ, ಮತ್ತೊಂದು ಕಡೆ ಬರೀ ‘ಕಾಯಿ ಉದುರು’. ಹುಡುಕಿದರೆ ಅರ್ಧ ಸಿಕ್ಕದು. ಆಮೇಲೆ ಚುಟುಕಾಗಿ ಬರೆಯಹೋಗಿ ಅತಿಯಾಯಿತು: ‘ಬೋರ್ಡೋ (ಕೊಳೆಗೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದದ್ದು, ಕೊಳೆ ಬಂದದ್ದು’ ಅಷ್ಟೇ ಉಳಿದು ಕಾರಣ ಜಾರಿಹೋಯಿತು.

ದಾರಿಗೆ ಬಂದದ್ದು ಮಳೆ ನಕ್ಷತ್ರದ ಲೆಕ್ಕ ಹಿಡಿದ ಮೇಲೆ. ವರ್ಷಕ್ಕೆ 27, ಒಂದೊಂದಕ್ಕೆ 13–14 ದಿನ, ಒಂದೊಂದಕ್ಕೂ ಒಂದು ಲಕೋಟೆ. ರೋಹಿಣಿ ಹುಟ್ಟಿತು ಅಂದರೆ ರೋಹಿಣಿ ಲಕೋಟೆ ತೆಗೆದರಾಯಿತು, ಹುಡುಕುವ ಕೆಲಸವೇ ಇಲ್ಲ. ಕಾರ್ಡಿಗೆ ಒಂದೇ ವಿಷಯ, ನಾಲ್ಕೇ ಸಾಲು: ಕಂಡದ್ದು, ಅಳತೆ ಸಮೇತ ಮಾಡಿದ್ದು, ಆದದ್ದು, ಮುಂದಿನ ಸಲ ಬದಲಿಸಬೇಕಾದ್ದು. ನಾಲ್ಕನೇ ಸಾಲಿಗೆ ಏನೂ ಹೊಳೆಯದಿದ್ದರೆ ಆ ಕಾರ್ಡೇ ಬೇಡ. ಮೂಲೆಯಲ್ಲಿ ಡೈರಿಯ ವರ್ಷ, ಪುಟ. ಡೈರಿಯನ್ನು ರದ್ದಿಗೆ ಹಾಕಬೇಡಿ.

ಪುನರ್ವಸುವಿನ ಒಂದು ಕಾರ್ಡು ಹೀಗಿದೆ: ‘ಮಳೆ ಬಿಡುವು 2 ದಿನ, ಎರಡನೇ ಬೋರ್ಡೋ. 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ (ಹೋದ ವರ್ಷದ್ದು). ಕತ್ತಿ ಅದ್ದಿದರೆ ಕೆಂಪು, ಎಳೆಕಾಯಿ ಸುಟ್ಟವು. ಹೊಸ ಸುಣ್ಣ ತರುವುದು, ಕತ್ತಿ ಕೆಂಪಾಗದವರೆಗೆ ತಿಳಿ ಸುಣ್ಣ ಸೇರಿಸುವುದು.’ ಕತ್ತಿ ಕೆಂಪಾದರೆ ದ್ರಾವಣದಲ್ಲಿ ಹುಳಿ ಉಳಿದಿದೆ ಅಂತ ಅರ್ಥ. ಗಾಳಿ ಕುಡಿದ ಸುಣ್ಣಕ್ಕೆ ತುತ್ತದ ಹುಳಿ ಮುರಿಯುವ ಶಕ್ತಿ ಇರುವುದಿಲ್ಲ. ಎರಡು ವರ್ಷದ ಪುಟ ಅಕ್ಕಪಕ್ಕ ಇಟ್ಟಾಗಲೇ ಇದು ಹೊಳೆದದ್ದು.

ದುಡ್ಡಿನ ಲೆಕ್ಕವೂ ಕಾರ್ಡಿನಿಂದಲೇ ಸಿಕ್ಕಿತು. ನಮ್ಮಲ್ಲಿ 100 ಲೀಟರಿಗೆ 80 ಚಿಲ್ಲರೆ ಮರ. ಮೊದಲು ಅಂದಾಜಿನಲ್ಲಿ ಕಲಸಿ ಸಂಜೆಗೆ ಒಂದೂವರೆ ಬ್ಯಾರೆಲ್ ಉಳಿಯುತ್ತಿತ್ತು, ಮರುದಿನಕ್ಕೆ ಅದು ಬಾರದು. ಈಗ ಉಳಿಯುವುದು ಒಂದೆರಡು ಕೊಡ.

ಕಾರ್ಡು ಬರೆಯುವುದು ಚೈತ್ರದಲ್ಲಿ, ಕೊಯ್ಲು ಮುಗಿದು ಫಲ ಗೊತ್ತಾದ ಮೇಲೆ. ಅಂದಂದೇ ಬರೆದರೆ ಮೂರನೇ ಸಾಲು ಸುಳ್ಳಾಗುತ್ತದೆ. ಸೀಸದ ಕಡ್ಡಿಯೇ ಆಗಬೇಕು, ಬಾಲ್‌ಪೆನ್ನಿನದನ್ನು ಅಳಿಸಿ ತಿದ್ದಲಾಗದು. ಲ್ಯಾಮಿನೇಷನ್ನೂ ಮಾಡಿಸಿ ನೋಡಿದೆ. ಅದರ ಮೇಲೆ ತಿದ್ದಲಾಗದೆ 20 ಕಾರ್ಡು ದಂಡವಾದವು. ಧ್ವನಿಮುದ್ರಣ ಚೆನ್ನಾಗಿಯೇ ಆಗುತ್ತದೆ, ತಿರುಗಿ ಕೇಳುವವರಿಲ್ಲ.

ಒಂದೇ ವಿಷಯ ಎರಡು ನಕ್ಷತ್ರಕ್ಕೆ ಬಂದರೆ ಮೂಲೆ ಕತ್ತರಿಸುವ ಒಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.